ಎರಡು ಎಂಜಿನ್ನಿಗೆ ಎರಡು ಮಾಲೆ

ಈ ವರ್ಷ ನಾನು ಸ್ಪೀಡ್ ಬೋಟ್ ಕೊಂಡೇ ಕೊಳ್ಳುತ್ತೇನೆ! ಅದೂ ಎಂಥದ್ದು? ಎರಡು ಎಂಜಿನ್ನಿನದು!

ಯುಗಾದಿಯ ಬೆಳಿಗ್ಗೆ, ಎದುರು ಫ್ಲ್ಯಾಟಿನ ಮರಾಠಿಗರು ಬಾಲ್ಕನಿಯಲ್ಲಿ ಹಬ್ಬದ ಗುಢಿಯ ಕೋಲು ಏರಿಸುತ್ತಿದ್ದ ಹೊತ್ತಿಗೆ, ಬೇವು-ಬೆಲ್ಲದ ಬಟ್ಟಲು ಹಿಡಿದು ನಾನು ಈ ಘೋಷಣೆ ಮಾಡಿದೆ. ಹೆಂಡತಿ ರೇಣು ತಲೆ ಎತ್ತಲಿಲ್ಲ. ಹೋಳಿಗೆಯ ಕಣಕ ನಾದುತ್ತಲೇ ಕೇಳಿದಳು:

"ಬೇವು ಜಾಸ್ತಿ ಆತೇನ್ರಿ?"

ನನ್ನ ಸಂಕಟ ಅವಳಿಗೆ ಹೇಗೆ ತಿಳಿಯಬೇಕು? ನಾನಿರುವುದು ಪುಣೆಯ ಚಿಂಚವಾಡದಲ್ಲಿ. ದುಡಿಯುವುದು ಹಿಂಜವಾಡಿಯಲ್ಲಿ, ಕಾರುಗಳ ಗೇರ್‌ಬಾಕ್ಸ್ ವಿನ್ಯಾಸ ಮಾಡುವ ಕಂಪನಿಯಲ್ಲಿ. ಹಗಲಿಡೀ ಆರು ಗೇರುಗಳ ಜೊತೆ ಸಂಸಾರ ಮಾಡಿ, ಸಂಜೆ ಮನೆಗೆ ಬರುವುದು ಮಾತ್ರ ಮೊದಲನೆಯ ಗೇರಿನಲ್ಲಿ. ಎರಡನೆಯದು ರವಿವಾರಕ್ಕೆ. ಮೂರನೆಯದು ಎಲ್ಲಿದೆ ಎಂಬುದನ್ನು ನನ್ನ ಎಡಗೈ ಮರೆತೇಬಿಟ್ಟಿದೆ. ಸಿಗ್ನಲ್ಲಿಲ್ಲದ, ಹೊಂಡವಿಲ್ಲದ, ಎದುರಿಗೆ ಟ್ಯಾಂಕರ್ ಬರದ ದಾರಿ ಈ ಭೂಮಿಯ ಮೇಲಿಲ್ಲ. ಹಾಗಾದರೆ ನೀರಿನ ಮೇಲೆ!

ಇನ್ನೂ ಒಂದು ಕಾರಣವಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ನವಲಗುಂದದ ಕಡೆಯ ಹಳ್ಳಿಯಲ್ಲಿ ಬೆಳೆದ ನನಗೆ ನೀರೆಂದರೆ ಕೊಡದೊಳಗಿನ ವಸ್ತು. ಪುಣೆಗೆ ಬಂದ ಮೇಲೆ ಮೊದಲ ಸಲ ಜಲಾಶಯದ ಹಿನ್ನೀರು ಕಂಡಾಗ ನನ್ನ ಕೈ ತಾನಾಗಿಯೇ ಕೊಡ ಹುಡುಕಿತ್ತು. ಅಷ್ಟು ನೀರು! ಯಾರೂ ತುಂಬಿಕೊಳ್ಳುತ್ತಿಲ್ಲ!

ಹೊಸ ಬೋಟಿನ ಬೆಲೆ ಕೇಳಿ ಫೋನನ್ನು ಮೆಲ್ಲಗೆ ಕೆಳಗಿಟ್ಟೆ. ಹಳೆಯ ಕಾರು ಬದಲಿಸಲೆಂದು ಎತ್ತಿಟ್ಟ ಹಣದೊಳಗೇ ನನ್ನ ನೌಕಾಬಲ ಸಿದ್ಧವಾಗಬೇಕಿತ್ತು. ಆದ್ದರಿಂದ ಸೆಕೆಂಡ್ ಹ್ಯಾಂಡ್. ಮೊದಲನೆಯದು ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಹಳೆಯ ಬಂಗಲೆಯ ಹಿಂದಿತ್ತು. ಅದರೊಳಗೆ ಬೆಕ್ಕು ಮರಿ ಹಾಕಿತ್ತು. ಮರಿಗಳನ್ನು ಎಬ್ಬಿಸುವುದಾದರೆ ಮಾರುವುದೇ ಇಲ್ಲವೆಂದು ಯಜಮಾನರು ಖಂಡಿತವಾಗಿ ಹೇಳಿದರು. ಎರಡನೆಯದಕ್ಕೆ ಹೊಸ ಬಣ್ಣ ಬಳಿದಿತ್ತು. ಬಣ್ಣದ ಕೆಳಗೆ ತಳದುದ್ದಕ್ಕೂ ಬಿರುಕು. ಅಲ್ಲದೆ ಅದಕ್ಕೆ ಇದ್ದದ್ದು ಒಂದೇ ಎಂಜಿನ್.

"ಒಂದ್ ಎಂಜಿನ್ ಸಾಲೂದಿಲ್ಲೇನ್ರಿ?" ರೇಣು ಕೇಳಿದಳು.

"ಹುಚ್ಚಿ, ನಡುನೀರಿನಾಗ ಅದು ನಿಂತ್ರ? ಎರಡಿದ್ರ ಇನ್ನೊಂದು ದಂಡಿಗೆ ತಂದು ಬಿಡ್ತದ. ಎರಡೂ ಒಮ್ಮೆಲೇ ಕೆಡೂದು ಸಾಧ್ಯನೇ ಇಲ್ಲ. ಅದಕ್ಕ ಗಣಿತ ಅದ!"

"ಮನ್ಯಾಗ ಎರಡು ಗೀಸರ್ ಅದಾವ. ಎರಡೂ ಕೆಟ್ಟು ಕೂತಾವ."

"ಅದು ಬ್ಯಾರೆ ವಿಷಯ!"

ಮೂರನೆಯದನ್ನು ಕಂಡ ಕೂಡಲೇ ನನ್ನ ಹೃದಯ ಸೋತಿತು. ಪುಣೆಯ ಪಶ್ಚಿಮಕ್ಕೆ, ಹಿನ್ನೀರಿನ ದಂಡೆಯಲ್ಲಿ ಹಳೆಯ ಬೋಟುಗಳನ್ನು ಮಾರುವ ಓಂಕಾರ್ ಎಂಬವನ ಅಂಗಳದಲ್ಲಿ ಅದು ನನಗಾಗಿಯೇ ಕಾದಿತ್ತು. ನೀರು ಸೀಳುವ ಚೂಪಾದ ತಳ. ಮಾಸಿದ ಕೆಂಪು ಬಣ್ಣ. ಹಿಂದುಗಡೆ ಜೋಡೆತ್ತಿನಂತೆ ಎರಡು ಎಂಜಿನ್! ಹಳೆಯವು, ಆದರೆ ಗುರುಗುಟ್ಟಿದರೆ ಎದೆ ನಡುಗಬೇಕು. ಬೆಲೆಯೂ ಹೇಗೋ ನನ್ನ ಅಳತೆಗೆ ಬಂತು.

ರೇಣು ಒಳಗೆ ಹತ್ತಿ, ಹಿಡಿದುಕೊಳ್ಳಲು ಹಿಡಿಕೆ ಇದೆಯೇ, ಊಟದ ಡಬ್ಬಿ ಇಡಲು ಜಾಗವಿದೆಯೇ ನೋಡಿ, ಇಳಿದು ಬಂದು ತೀರ್ಪು ಕಾಯ್ದಿರಿಸಿದಳು.

"ಬರೂ ರವಿವಾರ ಒಂದು ಸುತ್ತು ಕೂತು ನೋಡ್ತೀನಿ. ಮನಸ್ಸಿಗೆ ಬಂದ್ರ ಹೂಂ ಅಂತೀನಿ. ಬರಲಿಲ್ಲಂದ್ರ ಈ ಜನ್ಮದಾಗ ಮತ್ತ ಬೋಟಿನ ಹೆಸರು ಎತ್ತಬಾರ್ದು. ಒಪ್ಪಿಗಿನೋ?"

ಒಪ್ಪಿದೆ. ಬೇರೆ ದಾರಿಯಿತ್ತೇ?

ಆ ರವಿವಾರ ಇನ್ನೊಂದು ಮಹಾಶಕ್ತಿ ನಮ್ಮ ಜೊತೆಗೂಡಿತು. ಬೈಲಹೊಂಗಲದಿಂದ ಬಂದಿದ್ದ ನಮ್ಮ ಅತ್ತೆ ಭೀಮವ್ವ! ಅವರ ಚೀಲದಲ್ಲಿ ತೆಂಗಿನಕಾಯಿ, ವಿಭೂತಿ, ಪೂಜೆಯ ಗಂಟೆ, ನಿಂಬೆಹಣ್ಣು, ಚೆಂಡುಹೂವಿನ ಮಾಲೆಗಳು, ಎಲ್ಲಕ್ಕಿಂತ ಕೆಳಗೆ ರೊಟ್ಟಿಯ ಡಬ್ಬಿ. ಪೂಜೆಯಾಗದ ಗಾಡಿಯನ್ನು ಅವರು ಹತ್ತಿದವರಲ್ಲ.

ದಂಡೆಯಲ್ಲಿ, ತನ್ನನ್ನು ಸಾಗಿಸುವ ಟ್ರೇಲರ್ ಬಂಡಿಯ ಮೇಲೆ ಕೂತಿದ್ದ ಬೋಟಿಗೆ ಅವರು ಒಂದು ಸುತ್ತು ಬಂದರು.

"ಅಳಿಯಂದ್ರ, ಇದರ ಗಾಲಿ ಎಲ್ಲೈತ್ರಿ? ನಿಂಬಿಹಣ್ಣು ಎಲ್ಲಿ ಇಡೂದು?"

"ಬೋಟಿಗೆ ಗಾಲಿ ಇರೂದಿಲ್ರಿ ಅತ್ತಿ."

"ಅಯ್ಯ ಶಿವನ! ಗಾಲಿ ಇಲ್ಲದ್ದಕ್ಕ ಇಷ್ಟು ರೊಕ್ಕ ಕೊಡ್ತೀರೇನು?"

ಕೊನೆಗೆ ನಿಂಬೆಹಣ್ಣು ಬಂಡಿಯ ಗಾಲಿಯ ಕೆಳಗೆ ಹೋಯಿತು. ತೆಂಗಿನಕಾಯಿ ಎತ್ತಿ ಅವರು ಬೋಟಿನ ಮೂತಿಗೇ ಗುರಿಯಿಟ್ಟಾಗ ನಾನು ನಡುವೆ ಹಾರಿ ಅಡ್ಡ ನಿಂತೆ. ಕಾಯಿ ಪಕ್ಕದ ಕಲ್ಲಿನ ಮೇಲೆ ಒಡೆಯಿತು. ನಂತರ ಎಂಜಿನ್ನುಗಳ ಸರದಿ. ಅವುಗಳ ತಲೆ ಬೋಳು, ಮಾಲೆ ನಿಲ್ಲಲಿಲ್ಲ. ಮೇಲಕ್ಕೆ ಎತ್ತಿಟ್ಟಿದ್ದ ಅವುಗಳ ಕಾಲುಗಳಿಗೆ, ನೀರು ತಳ್ಳುವ ಪಂಖದ ಹತ್ತಿರವೇ, ಕಟ್ಟಬೇಕಾಯಿತು.

"ಒಂದಕ್ಕ ಸಾಕ್ರಿ ಅತ್ತಿ," ಎಂದೆ.

"ಛೇ ಛೇ! ಒಂದಕ್ಕ ಹಾಕಿ ಒಂದಕ್ಕ ಬಿಟ್ರ ಹೆಂಗ? ಅದಕ್ಕ ಕೆಟ್ಟ ಅನಸೂದಿಲ್ಲೇನು? ಗಟ್ಟಿ ಕಟ್ರಿ, ಗಾಳಿಗೆ ಹಾರಬಾರ್ದು."

ಆ ಭಾಗ ನೀರಿನೊಳಗೆ ಇಳಿಯುತ್ತದೆಂದು ನನಗೆ ಗೊತ್ತಿತ್ತು. ಎಂಜಿನಿಯರ್ ಅಲ್ಲವೇ! ಆದರೆ ರೇಣು ತಾಯಿಯನ್ನು ನೋಡಿ ನಗುತ್ತಿದ್ದಳು. 'ಹೂಂ' ಎಂಬ ಅಕ್ಷರ ಅವಳ ತುಟಿಯ ಹತ್ತಿರವೇ ಸುಳಿದಾಡುತ್ತಿತ್ತು. ಹೂವೇ ತಾನೇ, ನೀರಿಗೆ ಬಿದ್ದರೆ ಹರಿದುಹೋಗುತ್ತದೆ ಎಂದುಕೊಂಡು, ನೈಲಾನ್ ದಾರದ ಮಾಲೆಗಳನ್ನು ನಾನೇ ಬಿಗಿದು ಕಟ್ಟಿದೆ. ಮುಂದೆ ಹಗ್ಗ ಬಿಚ್ಚುತ್ತಿದ್ದ ಓಂಕಾರ್ ಅತ್ತೆಯ ಗಂಟೆಯ ಸದ್ದಿಗೆ, ಹಿಂದೆ ಬಂದು ನೋಡದೆ, ಅಲ್ಲಿಂದಲೇ ಕೈ ಮುಗಿದ.

ಬೋಟು ನೀರಿಗಿಳಿಯಿತು. ಓಂಕಾರ್ ಚುಕ್ಕಾಣಿ ಹಿಡಿದ. ಆಹಾ! ನೀರು ಎರಡು ಕಡೆ ರೆಕ್ಕೆಯಂತೆ ಎದ್ದಿತು. ಗುಡ್ಡಗಳು ಹಿಂದಕ್ಕೆ ಓಡಿದವು. ಇಷ್ಟು ವರ್ಷ ಹಾಕದೆ ಉಳಿಸಿಟ್ಟ ಗೇರುಗಳೆಲ್ಲ ಒಂದೇ ಸಲ ನನ್ನ ಎದೆಯಲ್ಲಿ ಬಿದ್ದವು! ಪಕ್ಕಕ್ಕೆ ನೋಡಿದೆ. ರೇಣು ಎರಡು ಕೈಯಲ್ಲೂ ಹಿಡಿಕೆ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿದ್ದಳು.

"ಹೆಂಗದ ರೇಣು?"

"ಕಣ್ಣು ತಗದ ಮ್ಯಾಲೆ ಹೇಳ್ತೀನಿ!"

ಜಲಾಶಯದ ನಟ್ಟನಡುವೆ ಎಡಗಡೆಯ ಎಂಜಿನ್ ಕೀಂ ಎಂದು ಕಿರುಚಿ ನಿಂತಿತು. ನಾನು ಹೆದರಿದೆನೇ? ಇಲ್ಲ! ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಿರಲಿಲ್ಲ. ಎದ್ದು ನಿಂತು, ಸಭೆಯಲ್ಲಿ ಮಾತಾಡುವವನಂತೆ ಕೈ ಎತ್ತಿದೆ.

"ನೋಡಿದ್ಯಾ? ಎರಡು ಬೇಕು ಅಂದಿದ್ದು ಇದಕ್ಕ..."

ಕೀಂ! ಬಲಗಡೆಯದೂ ನಿಂತಿತು.

ರೇಣು ಆಗ ಕಣ್ಣು ತೆರೆದಳು.

"ಗಣಿತ ಎಲ್ಲಿಗೆ ಬಂತ್ರಿ?"

ಓಂಕಾರ್ ಎಂಜಿನ್ನುಗಳನ್ನು ಮೇಲೆತ್ತಿದ. ಅವು ನೀರು ಹೀರಿ ತಂಪಾಗುವ ಜಾಲರಿಗಳ ತುಂಬ ಚೆಂಡುಹೂವಿನ ಪಕಳೆ. ಪಂಖಗಳ ಬುಡಕ್ಕೆ ನೈಲಾನ್ ದಾರ ಸುತ್ತಿ ಸುತ್ತಿ ಕಗ್ಗಂಟು. ದಂಡೆಗೆ ಒಯ್ದು ಬಿಚ್ಚದೆ ಬೇರೆ ಉಪಾಯವಿರಲಿಲ್ಲ. ಹದಿನೈದು ವರ್ಷದಿಂದ ಬೋಟು ಮಾರುತ್ತಿದ್ದ ಆ ಮನುಷ್ಯ, ಇದನ್ನು ಕಟ್ಟಿದವರು ಯಾರೆಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದ. ನಾನು ಗುಡ್ಡ ನೋಡಿದೆ.

"ನಮ್ಮ ಅಳಿಯಂದ್ರು!" ಅತ್ತೆ ಹೆಮ್ಮೆಯಿಂದ ಹೇಳಿದರು. "ಭಾಳ ಗಟ್ಟಿ ಕಟ್ಯಾರ್ರಿ."

ಓಂಕಾರ್ ಯಾರಿಗೋ ಫೋನ್ ಮಾಡಿದ. ಕಾಯುವುದೊಂದೇ ಕೆಲಸ. ಅತ್ತೆ ಡಬ್ಬಿ ಬಿಚ್ಚಿದರು. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ. ನನ್ನ ಪಾಲಿನ ರೊಟ್ಟಿಯನ್ನು ಮುರಿದು ಮುರಿದು ಮೀನಿಗೆ ಹಾಕಿದೆ. ನನ್ನ ಕೆಂಪು ಕನಸು ಇನ್ನೇನು ಈ ಜನ್ಮಕ್ಕೆ ಮುಗಿಯಿತಲ್ಲ!

ಎಂಜಿನ್ನಿನ ಸದ್ದು ಹೋದ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಕೇಳತೊಡಗಿತು. ಬೋಟಿನ ಬದಿಗೆ ನೀರು ಮೆಲ್ಲಗೆ ತಟ್ಟುವುದು. ದೂರದ ದಂಡೆಯಲ್ಲಿ ಬಟ್ಟೆ ಒಗೆಯುವ ಸಪ್ಪಳ. ಒಂದು ಬೆಳ್ಳಕ್ಕಿ ನಮ್ಮ ಮೇಲೆಯೇ ಹಾರಿಹೋದಾಗ ಅದರ ರೆಕ್ಕೆಯ ಉಸಿರು ಕೂಡ ಕೇಳಿಸಿತು. ರೇಣು ಅಂಚಿಗೆ ಒರಗಿ, ಬೆರಳುಗಳನ್ನು ನೀರಿನಲ್ಲಿ ಬಿಟ್ಟು ಕೂತಿದ್ದಳು. ಚಿಂಚವಾಡದಲ್ಲಿ ಬಿದ್ದಿದ್ದ ಮುಖದ ಗಂಟುಗಳೆಲ್ಲ ಯಾವಾಗಲೋ ಸಡಿಲಾಗಿದ್ದವು. 

ಸ್ವಲ್ಪ ಹೊತ್ತಿಗೆ ಒಬ್ಬ ಮೀನುಗಾರ ಪುಟ್ಟ ದೋಣಿಗೆ ಹುಟ್ಟು ಹಾಕುತ್ತ ಬಂದ. ನನ್ನ ಜೋಡಿ ಎಂಜಿನ್ನಿನ ಮಹಾನೌಕೆಗೆ ಹಗ್ಗ ಕಟ್ಟಿ, ಬೀಡಿ ಸೇದುತ್ತಲೇ ದಂಡೆಗೆ ಎಳೆದು ತಂದ. ಅತ್ತೆ ದಾರಿಯುದ್ದಕ್ಕೂ ಅವನ ತೋಳುಗಳನ್ನೇ ನೋಡುತ್ತಿದ್ದರು.

ಇಳಿದ ಮೇಲೆ, ಏನು ತೀರ್ಮಾನವಾಯಿತೆಂದು ಓಂಕಾರ್ ರೇಣುವನ್ನು ಅಳುಕುತ್ತ ಕೇಳಿದ: "ಮಗ ಕಾಯ್ ಠರಲಂ, ವಹಿನಿ?"

ರೇಣು ಒಮ್ಮೆ ನೀರನ್ನು, ಒಮ್ಮೆ ನನ್ನನ್ನು ನೋಡಿದಳು.

"ಹೂಂ. ಬೋಟ್ ತೊಗೊಳ್ರಿ."

"ಏನಂದಿ?"

"ತೊಗೊಳ್ರಿ. ಇಷ್ಟು ಶಾಂತ ಕೂತು ಎಷ್ಟು ವರ್ಷ ಆಗಿತ್ತು! ಆದ್ರ ಆ ಎರಡೂ ಎಂಜಿನ್ ಕಳಚಿ ಅವರಿಗೇ ವಾಪಸ್ ಕೊಟ್ಟು, ಅಷ್ಟು ರೊಕ್ಕ ಕಡಿಮಿ ಮಾಡಸ್ರಿ."

"ರೇಣು! ಎಂಜಿನ್ ಇಲ್ದ ಅದು ಹೆಂಗ ನಡೀಬೇಕು?"

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ನನ್ನ ತೋಳನ್ನು, ಸಂತೆಯಲ್ಲಿ ಎತ್ತು ನೋಡುವವರಂತೆ, ಎರಡು ಸಲ ಅಮುಕಿ ನೋಡಿದರು.

"ಯಾಕ್ ನಡಿಯೂದಿಲ್ಲ? ಅಳಿಯಂದ್ರು ಅದಾರಲ್ಲ!"