ಜಪಾನಿಗೆ ಹೊರಡುವ ಮುನ್ನ ಮನೆಯಲ್ಲಿ ಬಾಗುವ, ಕೂರುವ ಮತ್ತು ಸುಮ್ಮನಿರುವ ಕುರಿತು

ಪ್ರವಾಸ ಪೂರ್ವಸಿದ್ಧತಾ ವಿಭಾಗ
(ಕಚೇರಿ: ಅಡುಗೆಮನೆ, ಕಿಟಕಿ ಪಕ್ಕ)

ಸಂಖ್ಯೆ: ಅಮನೆ/ಜಪಾನ್/ತಾಲೀಮು/03
ದಿನಾಂಕ: ಬಟ್ಟೆ ಒಗೆದ ಮಾರನೆಯ ದಿನ

ಸುತ್ತೋಲೆ

ವಿಷಯ: ಜಪಾನೀ ಸಂಸ್ಕೃತಿಯನ್ನು ಅನುಭವಿಸಲು ಕೈಗೊಳ್ಳಲಿರುವ ಕುಟುಂಬ ಪ್ರವಾಸದ ಸಲುವಾಗಿ ಮನೆಯಲ್ಲಿ ನಡೆಯುತ್ತಿರುವ ತಾಲೀಮಿನಲ್ಲಿ ಶಿಸ್ತು ಕಾಪಾಡುವ ಬಗ್ಗೆ.

ಉಲ್ಲೇಖ:
(ಅ) ಬಿಸಿನೀರಿನ ಬುಗ್ಗೆಯ ಪಕ್ಕದ ವಸತಿಗೃಹದ ಯಜಮಾನತಿಯವರ ಪತ್ರ. ಎಷ್ಟು ಜನರಿಗೆ ಹಾಸಿಗೆ ಹಾಸಬೇಕೆಂದು ಕೇಳಿದ್ದಾರೆ. ಫೋನು, ಕಂಪ್ಯೂಟರು ಬಳಸುವವರಲ್ಲವಾದ್ದರಿಂದ ಪತ್ರದಲ್ಲೇ ಉತ್ತರ ಬಯಸಿದ್ದಾರೆ. ಉತ್ತರ ಬಹುಕಾಲದಿಂದ ಬಾಕಿ.
(ಆ) ಇದೇ ವಿಭಾಗದ ಹಿಂದಿನ ಎರಡು ಸುತ್ತೋಲೆಗಳು. ಒಂದರ ಮೇಲೆ ಬಿಸಿ ಪಾತ್ರೆ ಇಡಲಾಗಿದೆ. ಇನ್ನೊಂದು ಪತ್ತೆಯಿಲ್ಲ.

ಪ್ರಸ್ತಾವನೆ:

ಬಟಾಣಿ ಅರ್ಧ ಬಿಡಿಸಿ ಇನ್ನರ್ಧ ಬುಟ್ಟಿಯಲ್ಲೇ ಇರುವಾಗ, ಅಂದರೆ ಇಂದು ಬೆಳಿಗ್ಗೆ, ಹಜಾರದ ಕಡೆಯಿಂದ ಧಡ್ ಎಂಬ ಸದ್ದು ಕೇಳಿಬಂದ ಪ್ರಯುಕ್ತ, ವಿಭಾಗದ ಮುಖ್ಯಸ್ಥೆಯು ಕೈಯಲ್ಲಿದ್ದ ಸಿಪ್ಪೆಯನ್ನು ಬದಿಗಿಟ್ಟು ಸ್ಥಳ ಪರಿಶೀಲನೆ ನಡೆಸಿದ್ದಾಳೆ. ಮಗ (ಡ್ರೈವಿಂಗ್ ಸ್ಕೂಲಿನ ಶಿಕ್ಷಕ) ಮತ್ತು ಅಳಿಯಂದಿರು (ಬಡಗಿ) ಇಕ್ಕಟ್ಟಿನ ಹಜಾರದಲ್ಲಿ ಎದುರುಬದುರಾಗಿ ಜಪಾನೀ ಕ್ರಮದಂತೆ ಬಾಗಿ, ತಲೆಗೆ ತಲೆ ಡಿಕ್ಕಿ ಹೊಡೆದಿರುವುದು ಕಂಡುಬಂದಿರುತ್ತದೆ. ಡಿಕ್ಕಿಯ ನಂತರವೂ ಇಬ್ಬರೂ ಬಾಗಿಯೇ ಇದ್ದರು. ಮೊದಲು ನೆಟ್ಟಗಾದವನು ಮರ್ಯಾದೆಗೆಟ್ಟವನೆಂದು ಇಬ್ಬರೂ ನಂಬಿದ್ದರಿಂದ, ಒಳಗೆ ಹಾಲು ಉಕ್ಕಿ ಒಲೆ ಆರಿತು.

ಪ್ರವಾಸಿಗರ ಪಟ್ಟಿಯಲ್ಲಿ ಮಗ, ಸೊಸೆ (ದರ್ಜಿ), ಮಗಳು (ನರ್ಸ್) ಮತ್ತು ಅಳಿಯಂದಿರು ಇರುತ್ತಾರೆ. ಐದನೆಯದು ಇವರೆಲ್ಲರ ಅಮ್ಮ, ಅಂದರೆ ಸದರಿ ಮುಖ್ಯಸ್ಥೆ. ಈ ಹೆಸರು ಮಾತ್ರ ಇನ್ನೂ "ಪರಿಶೀಲನೆಯಲ್ಲಿದೆ". ಈ ಹಿನ್ನೆಲೆಯಲ್ಲಿ ಎಲ್ಲ ಸಂಬಂಧಪಟ್ಟವರಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಬಾಗಿದವರಲ್ಲಿ ಯಾರ ಹಾಲು ಒಲೆಯ ಮೇಲಿದೆಯೋ ಅವರೇ ಮೊದಲು ನೆಟ್ಟಗಾಗತಕ್ಕದ್ದು. ಸೊಂಟದ ಕೋನ ಅಳೆಯಲು ಅಳಿಯಂದಿರು ಮಾಡಿಟ್ಟಿರುವ ಮರದ ಪಟ್ಟಿಯನ್ನು ಊಟದ ಹೊತ್ತಿನಲ್ಲಿ ಪರರ ಬೆನ್ನಿಗೆ ಹಿಡಿಯುವುದನ್ನು ನಿಷೇಧಿಸಲಾಗಿದೆ. ಹೊರಗಿನವರಿಗೆ ಬಾಗುವುದನ್ನೂ ಈ ಕೂಡಲೇ ನಿಲ್ಲಿಸತಕ್ಕದ್ದು. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನು ಬಾಗಿಲಲ್ಲಿ ನಾಲ್ವರು ಸಾಲಾಗಿ ತಲೆ ತಗ್ಗಿಸಿ ನಿಂತದ್ದನ್ನು ಕಂಡು, ಮನೆಯ ಹಿರಿಯಾಕೆ ತೀರಿಕೊಂಡಳೆಂದು ಭಾವಿಸಿ ತಾನೂ ಟೋಪಿ ತೆಗೆದು ನಿಂತನು. ತದನಂತರ ಸದರಿ ಹಿರಿಯಾಕೆಯೇ ಒಳಗಿನಿಂದ ಬಂದು ಸಹಿ ಹಾಕಿದಾಗ ಅವನಿಗಾದ ಗಾಬರಿಗೆ ಕುಟುಂಬವೇ ಹೊಣೆ.

2. ಶೌಚಾಲಯಕ್ಕೆಂದೇ ಬೇರೆ ಚಪ್ಪಲಿ ಇಡುವ ಪದ್ಧತಿ ಸ್ವಾಗತಾರ್ಹ. ಆದರೆ ಮಗನು ಅದನ್ನೇ ಮೆಟ್ಟಿಕೊಂಡು ಕೆಲಸಕ್ಕೆ ಹೋಗಿ, ದಿನವಿಡೀ ರಿವರ್ಸ್ ಗೇರು ಕಲಿಸಿ ಬಂದಿರುವುದು ಗಮನಕ್ಕೆ ಬಂದಿದೆ. ಇನ್ನು ಮುಂದೆ ಸದರಿ ಚಪ್ಪಲಿಗಳನ್ನು ದಾರದಿಂದ ಬಾಗಿಲಿಗೆ ಕಟ್ಟಲಾಗುವುದು. ದಾರವು ಕೈತೊಳೆಯುವಲ್ಲಿನ ಕನ್ನಡಿಯವರೆಗೆ ಎಟುಕತಕ್ಕದ್ದು, ಊಟದ ಮೇಜಿನವರೆಗೆ ಎಟುಕತಕ್ಕದ್ದಲ್ಲ.

3. ಸೂಪನ್ನು ಸೊರ್ ಎಂದು ಸದ್ದು ಮಾಡಿ ಕುಡಿಯುವುದು ಅಲ್ಲಿ ಮರ್ಯಾದೆಯಂತೆ. ಅಳಿಯಂದಿರು ಮದುವೆಯಾದಂದಿನಿಂದಲೂ ಹೀಗೆಯೇ ಕುಡಿಯುತ್ತಿದ್ದು, ಅದು ಸಂಸ್ಕೃತಿ ಎಂಬುದು ಈಗಷ್ಟೇ ತಿಳಿದುಬಂದಿರುತ್ತದೆ. ಹಿಂದಿನ ಆಕ್ಷೇಪಣೆಗಳೆಲ್ಲವನ್ನೂ ವಿಷಾದದೊಂದಿಗೆ ಹಿಂಪಡೆಯಲಾಗಿದೆ. ಈ ಸವಲತ್ತು ಬಾಳೆಹಣ್ಣಿಗೆ ಅನ್ವಯಿಸುವುದಿಲ್ಲ.

4. ಅಲ್ಲಿನ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲವಂತೆ. ಇದಕ್ಕಾಗಿ ಸೋಫಾವನ್ನು ರೈಲೆಂದು ಭಾವಿಸಿ ಮೌನವಾಗಿ ಕೂರುವ ಅಭ್ಯಾಸದಲ್ಲಿ, ಅತ್ತಿಗೆ-ನಾದಿನಿಯರು ಕಣ್ಣಿನಲ್ಲೇ ಜಗಳವಾಡುವುದನ್ನು ಮೌನವೆಂದು ಪರಿಗಣಿಸಲಾಗದು. ರೈಲು ಹೊರಟುಹೋಗಿದೆ ಎಂಬ ಕಾರಣಕ್ಕೆ, ತಡವಾಗಿ ಬಂದ ಮಗಳನ್ನು ರಾತ್ರಿಯ ಊಟ ಮುಗಿಯುವವರೆಗೂ ಬಾಗಿಲಲ್ಲೇ ನಿಲ್ಲಿಸಿದ್ದು ಖಂಡನೀಯ. ಸೋಫಾ ಎಲ್ಲಿಗೂ ಹೋಗಿರಲಿಲ್ಲ.

5. ಬಿಸಿನೀರಿನ ಕೊಳಕ್ಕೆ ಬಟ್ಟೆಯಿಲ್ಲದೆ ಇಳಿಯಬೇಕೆಂಬ ನಿಯಮವಿದೆ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೊಳ. ಇದಕ್ಕೆ ಮನೆಯಲ್ಲಿ ತಾಲೀಮು ಇರುವುದಿಲ್ಲ. ಮತ್ತೊಮ್ಮೆ ಸ್ಪಷ್ಟಪಡಿಸಲಾಗಿದೆ: ತಾಲೀಮು ಇರುವುದಿಲ್ಲ. ಬಾಗಿಲು ತೆರೆದಿಟ್ಟು ಅಭ್ಯಾಸ ನಡೆಸಿದವರು ಯಾರೆಂಬುದನ್ನು, ಅವರು ಈ ಮನೆಯ ಅಳಿಯ ಎಂಬ ಗೌರವದಿಂದ, ಇಲ್ಲಿ ನಮೂದಿಸಿರುವುದಿಲ್ಲ.

6. ನೆಲದ ಮೇಲೆ ಮಂಡಿಯೂರಿ ಉಣ್ಣುವ ಸಲುವಾಗಿ ಊಟದ ಮೇಜಿನ ಕಾಲುಗಳನ್ನು ಅಳಿಯಂದಿರು ಗರಗಸದಿಂದ ಕುಯ್ದಿರುತ್ತಾರೆ. ಕುರ್ಚಿಗಳಿಗೆ ಈ ವಿಷಯ ತಿಳಿಸಿರಲಿಲ್ಲ. ತರುವಾಯ ಮಗನು, ಏನನ್ನೂ ಹಿಡಿಯದೆ ಎದ್ದು ನಿಲ್ಲಬಲ್ಲವರೇ ಪ್ರವಾಸಕ್ಕೆ ಅರ್ಹರೆಂದು ಪರೀಕ್ಷೆಯೊಂದನ್ನು ಏರ್ಪಡಿಸಿದನು. ಅಳಿಯಂದಿರ ಕಾಲು ಜೋಮು ಹಿಡಿಯಿತು. ಮಗಳು ಕುರ್ಚಿ ಹಿಡಿದು ಎದ್ದಳು. ಸೊಸೆ ಗಂಡನ ಕಾಲರ್ ಹಿಡಿದು ಎದ್ದಳು. ಮಗನನ್ನು ಇಬ್ಬರು ಎತ್ತಿದರು. ಮುಖ್ಯಸ್ಥೆಯು ಗೋಡೆ ಹಿಡಿದು, ನಾಲ್ಕು ಬೈಗುಳದ ಸಹಾಯದಿಂದ, ತಾನಾಗಿಯೇ ಎದ್ದಳು. ಯಾರೂ ಪಾಸಾಗದ ಈ ಪರೀಕ್ಷೆಯಲ್ಲಿ ಫೇಲಾದವಳು ಅಮ್ಮನೊಬ್ಬಳೇ ಎಂದು ಫಲಿತಾಂಶ ಪ್ರಕಟಿಸಲಾಯಿತು.

7. ಅಲ್ಲಿ "ಇಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳುವುದಿಲ್ಲವಂತೆ. ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು, ಕತ್ತು ವಾಲಿಸಿ, "ಅದು ಸ್ವಲ್ಪ ಕಷ್ಟ..." ಎಂದು ಮಾತನ್ನು ಅಲ್ಲೇ ಬಿಡುತ್ತಾರಂತೆ. ಮಗನು ಮಾರ್ಗದರ್ಶಿ ಪುಸ್ತಕದಲ್ಲಿ ಇದನ್ನು ಓದಿದಂದಿನಿಂದ ಕಸ ಹೊರಗಿಡುವ, ತರಕಾರಿ ತರುವ ಕೆಲಸಗಳೆಲ್ಲವೂ ಸ್ಥಗಿತಗೊಂಡಿವೆ. ಅಮ್ಮನು "ನಾನೂ ಬರ್ತೀನಲ್ಲಪ್ಪಾ?" ಎಂದು ಕೇಳಿದಾಗಲೆಲ್ಲ ಇದೇ ಗಾಳಿ, ಇದೇ ಕತ್ತು. ಉಲ್ಲೇಖ (ಅ) ರ ಪತ್ರಕ್ಕೆ ಉತ್ತರ ಹೋಗದಿರುವುದಕ್ಕೆ ಇದೊಂದೇ ಕಾರಣ. ಸಾಲದ್ದಕ್ಕೆ, ಫ್ರಿಜ್ಜಿನ ಮರೆಯಲ್ಲಿ ಸೊಸೆಯೊಡನೆ, "ಅಮ್ಮಂಗೆ ಯಾಕೆ ಸುಮ್ನೆ ತೊಂದ್ರೆ? ಫೋಟೋ ತಂದು ತೋರ್ಸಿದ್ರಾಯ್ತು" ಎಂದು ಹೇಳಿರುವುದೂ ಕಿವಿಗೆ ಬಿದ್ದಿದೆ. ಫೋಟೋದಲ್ಲಿ ಬಿಸಿನೀರು ಬಿಸಿಯಾಗಿರುವುದಿಲ್ಲ ಎಂಬ ಅಂಶವನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ.

8. ಇಂದಿನ ಡಿಕ್ಕಿಯ ನಂತರ, ಮಗನ ಹಣೆಗೆ ತಣ್ಣನೆಯ ಚಮಚ ಒತ್ತಿ ಹಿಡಿದಿದ್ದ ಸಮಯದಲ್ಲಿ, ಓಡಿಹೋಗುವ ಸ್ಥಿತಿಯಲ್ಲಿ ಅವನಿಲ್ಲದ್ದನ್ನು ಖಚಿತಪಡಿಸಿಕೊಂಡು, ಅಂತಿಮ ವಿಚಾರಣೆ ನಡೆಸಲಾಯಿತು. ಬೇಡವೆನ್ನುವುದಾದರೆ ಮುಖ ನೋಡಿ ಬಾಯಿಬಿಟ್ಟು ಹೇಳೆಂದು ಕೇಳಲಾಯಿತು. ಈ ಬಾರಿ ಅವನು ಗಾಳಿ ಎಳೆದುಕೊಳ್ಳಲಿಲ್ಲ. "ಅಲ್ಲಿ ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಮ್ಮಾ?" ಎಂದನು. "ಏನೂ ಆಗ್ದೇ ಇದ್ರೆ ಏನ್ ಮಾಡ್ತೀಯ? ಅದನ್ನೂ ಒಂಚೂರು ಯೋಚ್ನೆ ಮಾಡು" ಎಂದು ವಿಭಾಗವು ಉತ್ತರಿಸಿತು. ಚಮಚ ಬೆಚ್ಚಗಾದ ಮೇಲೆ ಮಗನು ಅದನ್ನು ತಾನೇ ತೊಳೆದಿಟ್ಟನು.

9. ದಾಖಲೆಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, "ಇಲ್ಲ" ಎಂಬ ಮಾತು ಎಲ್ಲಿಯೂ ಕಂಡುಬಂದಿರುವುದಿಲ್ಲ. ಇರುವುದು ಹೆದರಿಕೆ. ಹೆದರಿಕೆಯನ್ನು ಆಕ್ಷೇಪಣೆಯೆಂದು ಸ್ವೀಕರಿಸಲು ನಿಯಮಗಳಲ್ಲಿ ಅವಕಾಶವಿಲ್ಲ. ಅದನ್ನು ಹೊಂದಿರುವವರು ಕೈಚೀಲದಲ್ಲಿ ತಮ್ಮೊಡನೆ ತರಬಹುದು. ಆದ್ದರಿಂದ ಹಾಸಿಗೆಗಳ ಸಂಖ್ಯೆಯನ್ನು ಐದು ಎಂದು ನಿಗದಿಪಡಿಸಿ ಆದೇಶಿಸಲಾಗಿದೆ. ಮಂಡಿಯೂರುವ ಹೊತ್ತಿನಲ್ಲಿ ಮುಖ್ಯಸ್ಥೆಯು ಪುಟ್ಟ ಸ್ಟೂಲಿನ ಮೇಲೆ ಕೂರುವಳು. ಅದನ್ನು ಕಂಡು ಬೇರೆಯವರು ಹೊಟ್ಟೆಕಿಚ್ಚು ಪಡತಕ್ಕದ್ದಲ್ಲ.

ಈ ಸುತ್ತೋಲೆಯನ್ನು ಓದಿರುವುದಕ್ಕೆ ಗುರುತಾಗಿ ಎಲ್ಲರೂ ಕೆಮ್ಮತಕ್ಕದ್ದು.

(ಸಹಿ)
ಅಮ್ಮ
ಮುಖ್ಯಸ್ಥೆ, ಪ್ರವಾಸ ಪೂರ್ವಸಿದ್ಧತಾ ವಿಭಾಗ

ಪ್ರತಿಗಳು:
1. ಸೊಸೆಗೆ: ಕೊಳದ ದಾರಿಗೆ ಬೇಕಾದ ನಿಲುವಂಗಿಗೆ ಅತ್ತೆಯ ಅಳತೆಯನ್ನೂ ತೆಗೆದುಕೊಳ್ಳುವಂತೆ.
2. ಅಳಿಯಂದಿರಿಗೆ: ಗರಗಸವನ್ನು ವಿಭಾಗದ ವಶಕ್ಕೆ ಒಪ್ಪಿಸುವಂತೆ.
3. ಗ್ಯಾಸಿನವನಿಗೆ: ಮುಖ್ಯಸ್ಥೆ ಬದುಕಿದ್ದಾಳೆಂಬ ದೃಢೀಕರಣದೊಂದಿಗೆ.
4. ಡ್ರೈವಿಂಗ್ ಸ್ಕೂಲಿನ ಮಾಲೀಕರಿಗೆ: ಮಾಹಿತಿಗಾಗಿ, ಮತ್ತು ಮಗನ ರಜೆಗಾಗಿ.
5. ವಸತಿಗೃಹದ ಯಜಮಾನತಿಯವರಿಗೆ: ಪ್ರತಿ ಇಲ್ಲ. ಐದು ಹಾಸಿಗೆ ಎಂಬ ಉತ್ತರವನ್ನು ಮಗಳು ಫೋನಿನಲ್ಲಿ ಕಲಿತಷ್ಟು ಅವರ ಭಾಷೆಯಲ್ಲಿ ಬರೆದಿದ್ದು, ಮಧ್ಯಾಹ್ನದ ಅಂಚೆಗೆ ಮಗನೇ ಹಾಕಿ ಬಂದಿರುತ್ತಾನೆ. ಹಾಕಿದ ಮೇಲೆ, ಒಳಗೆ ಬಿತ್ತೋ ಇಲ್ಲವೋ ಎಂದು ಅಂಚೆ ಡಬ್ಬಿಯನ್ನು ಎರಡೂ ಕಡೆಯಿಂದ ತಟ್ಟಿ ನೋಡಿದ್ದಾಗಿ ವರದಿಯಾಗಿದೆ.