ಮಾವನ ಗಾಡಿಗೆ ನಾನೇ ಅತ್ತೆ

ಮೊದಲೇ ಒಪ್ಪಿಕೊಂಡುಬಿಡ್ತೀನಿ. ಒಂದಿಡೀ ವರ್ಷ ನಾನು ನನ್ನ ಮಾವನ ಹೆಂಡತಿಯಾಗಿದ್ದೆ. ಮೀಸೆ ಆಗತಾನೇ ಚಿಗುರುತ್ತಿದ್ದ, ಕಾಲೇಜಿಗೆ ಹೋಗ್ತೀನಿ ಅಂತ ಮನೆಯಲ್ಲಿ ಹೇಳ್ತಿದ್ದ ಹುಡುಗ ಈ ಹುದ್ದೆಗೆ ಹೇಗೆ ಆಯ್ಕೆಯಾದ ಅಂತೀರಾ? ತಪ್ಪು ನನ್ನದೇ. ಯಾರನ್ನು ಕಂಡರೂ ಅವರ ಹಾಗೆ ನಡೆದು, ಅವರ ಹಾಗೇ ಕೆಮ್ಮಿ ತೋರಿಸೋ ಚಟ ನನಗೆ. ಸಂಜಯನಗರದ ನಮ್ಮ ಬೀದಿಯಲ್ಲಿ ನಾನು ಎದುರಾದರೆ ದೊಡ್ಡವರೆಲ್ಲ ತಮ್ಮ ನಡಿಗೆ ಸರಿಮಾಡಿಕೊಳ್ತಿದ್ದರು.

ಮಾವ ಅಂದರೆ ಅಮ್ಮನ ತಮ್ಮ, ಯಶವಂತಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರು. ಸ್ಪ್ಯಾನರಿಗೆ ಬಗ್ಗದ ದುಃಖವೇ ಜಗತ್ತಿನಲ್ಲಿಲ್ಲ ಅಂತ ನಂಬಿದ್ದ ಮನುಷ್ಯ. ಅಂಥವನ ಹೆಂಡತಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಸೋತುಹೋದವು. ಅತ್ತೆ ಕಿಟಕಿ ಪಕ್ಕದ ಕುರ್ಚಿ ಹಿಡಿದವಳು ಗೇಟಿನ ತನಕ ಕೂಡ ಬರೋದು ಬಿಟ್ಟಳು. ಪಕ್ಕದ ಮನೆಯವರು ಅರಿಶಿನ ಕುಂಕುಮಕ್ಕೆ ಕರೆಯೋಕೆ ಬಂದಾಗ ತಣ್ಣಗೆ ಹೇಳಿದಳು: "ಇನ್ನು ನಾನು ಈ ಹೊಸಿಲು ದಾಟೋದು ಒಂದೇ ಸಲ ಕಣ್ರೀ. ಆಗ ಎತ್ಕೊಂಡು ಹೋಗೋಕೆ ನಾಲ್ಕು ಜನ ಬಂದೇ ಬರ್ತಾರೆ."

ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಸಂಜೆ ಬಂದಾಗ ಅವನ ಜೊತೆ ಗುಜರಿಗೆ ಹೋಗಬೇಕಿದ್ದ ಒಂದು ಬೇಕರಿ ವ್ಯಾನಿತ್ತು!

ಅದರೊಳಗೆ ಮಂಚ, ಸ್ಟೌವ್, ನೀರಿನ ಡ್ರಮ್ಮು, ಕೂತು ಏಳಲು ಕಮೋಡು, ಎಲ್ಲಾ ಇಟ್ಟು ಅತ್ತೆಯನ್ನ ಯಲಹಂಕದಾಚೆಯ ಬಂಡೆಗೆ ಕರ್ಕೊಂಡು ಹೋಗ್ತಾನಂತೆ. ಒಂದು ರಾತ್ರಿಯಾದರೂ ಅವಳು ಮನೆಯ ಚಾವಣಿ ಬಿಟ್ಟು, ವ್ಯಾನಿನ ಬಾಗಿಲು ತೆಗೆದಿಟ್ಟು ಆಕಾಶ ನೋಡ್ತಾ ಮಲಗಬೇಕಂತೆ. ಆ ಬಂಡೆಗೊಂದು ಚರಿತ್ರೆ ಇದೆ. ಮದುವೆಯಾದ ಹೊಸದರಲ್ಲಿ ಮಾವ ತರಕಾರಿ ತರೋಣ ಬಾ ಅಂತ ಅತ್ತೆಯನ್ನ ಸೈಕಲ್ ಹಿಂದೆ ಕೂರಿಸಿಕೊಂಡು ಹೊರಡ್ತಿದ್ದ. ಕೈಚೀಲ ಹಿಡಿದು ಕೂತ ಅತ್ತೆ ಇಳೀತಿದ್ದದ್ದು ಆ ಬಂಡೆಯ ಹತ್ತಿರ. ಮನೆಯಲ್ಲಿ ಆ ದಿನ ತರಕಾರಿ ಇಲ್ಲ.

ನಮ್ಮ ಬೀದಿಗೆ ಟೀವಿ ಇನ್ನೂ ಬಂದಿರಲಿಲ್ಲ, ಹಾಗಾಗಿ ಜನ ಮಾವನನ್ನೇ ನೋಡ್ತಿದ್ದರು. ವ್ಯಾನಿನಿಂದ ಬನ್ನಿನ ವಾಸನೆ ಹೋಗಿರಲಿಲ್ಲ. ಮಾವನಿಗಿಂತ ಮೊದಲೇ ಇರುವೆಗಳು ಅದರಲ್ಲಿ ಸಂಸಾರ ಹೂಡಿದ್ದವು.

ಬಂಡೆಗೆ ರಸ್ತೆ ಎಲ್ಲಿದೆ? ಎತ್ತಿನ ಗಾಡಿಯ ಜಾಡು ಮಾತ್ರ. ಕಲ್ಲು ತಳಕ್ಕೆ ತಾಗಬಾರದು ಅಂತ ಮಾವ ಜೀಪಿನ ದೊಡ್ಡ ಚಕ್ರ ಹಾಕಿ ವ್ಯಾನನ್ನು ಎತ್ತರಿಸಿದ. ಈಗ ಅದು ಎಂಥ ಹಳ್ಳವನ್ನೂ ದಾಟುವಂತಾಯ್ತು. ಅದಕ್ಕೆ ಹತ್ತೋಕೆ ಮಾತ್ರ ಎರಡು ಕಾಲೂ ಗಟ್ಟಿಯಿದ್ದ ನನಗೇ ಆಗಲಿಲ್ಲ. ತಗ್ಗಿಸಿದರೆ ಅತ್ತೆ ಹತ್ತಬಹುದು, ಗಾಡಿ ಹೋಗಲ್ಲ. ಎತ್ತರಿಸಿದರೆ ಗಾಡಿ ಹೋಗುತ್ತೆ, ಅತ್ತೆ ಇಲ್ಲೇ. ಇದನ್ನು ಬಿಡಿಸಲಾಗದೆ ಮಾವ ಊಟ ಬಿಟ್ಟ.

ಆಮೇಲೊಂದು ದಿನ ಹೆಬ್ಬಾಳದಲ್ಲಿ, ನೆಲ ಹಿಡಿದ ಹಸುವನ್ನು ಹೊಟ್ಟೆಗೆ ಪಟ್ಟಿ ಕಟ್ಟಿ ರಾಟೆಯಿಂದ ಎತ್ತೋದನ್ನ ನೋಡಿ ಬಂದ. ನಮ್ಮೆಲ್ಲರೆದುರು ಅತ್ತೆಗೇ ವಿವರಿಸಿದ. ಅತ್ತೆ ಪೂರ್ತಿ ಕೇಳಿಸಿಕೊಂಡು, "ಎತ್ತಿದ ಮೇಲೆ ಹಾಲೂ ಕರ್ಕೋತೀರಾ?" ಅಂದಳು. ರಾಟೆ ಅಲ್ಲಿಗೆ ಸತ್ತಿತು. ಕೊನೆಗೆ ಹಿಂದಿನ ಬಾಗಿಲಿಗೆ ಇಳಿಜಾರಾಗಿ ಇಳಿಬಿಡೋ ಉದ್ದನೆಯ ಹಲಗೆ, ಪಕ್ಕದಲ್ಲಿ ಹಿಡಿದುಕೊಳ್ಳೋಕೆ ಕಂಬಿ ಅಂತ ತೀರ್ಮಾನವಾಯ್ತು.

ಕಂಬಿಗೆ ಅಳತೆ ಬೇಕಲ್ಲ? ಟೇಪು ಹಿಡಿದು ಹೋದ ಮಾವನಿಗೆ ಅತ್ತೆ ಮುಖ ತಿರುಗಿಸಿದಳು. ಬರೋದೇ ಇಲ್ಲ ಅಂದಮೇಲೆ ಅಳತೆ ಯಾಕಂತೆ. ಆಗ ನನ್ನ ಬಾಯಿ ಸುಮ್ಮನಿರಬೇಕಿತ್ತು. ನಾನೇ ಅತ್ತೆ ಆಗ್ತೀನಿ ಮಾವ, ಅಂದುಬಿಟ್ಟೆ!

ದಿನಾ ಸಂಜೆ ಅತ್ತೆಯ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತು ಕಲಿತೆ. ಅವಳು ಲೋಟ ಎತ್ತಿದರೆ ನಾನೂ ಎತ್ತಿದೆ. ಅವಳು ಸೋತ ಕಾಲು ಎಳೆದುಕೊಂಡರೆ ನಾನೂ ಎಳೆದುಕೊಂಡೆ. ಆ ಮನೆಯಲ್ಲಿ ಅತ್ತೆ ನಗ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಆಮೇಲೆ ವ್ಯಾನಿಗೆ ಹೋಗಿ ಅದನ್ನೇ ಮಾಡಿ ತೋರಿಸಿದೆ. ನನ್ನ ಗಟ್ಟಿ ಕೈ ಎಲ್ಲಿ ತಡಕಿತೋ ಅಲ್ಲೊಂದು ಕಂಬಿ. ಬಾಗಿಲಿಗೆ, ಮಂಚಕ್ಕೆ, ಕಮೋಡಿಗೆ. ಮಾವ ಎಲ್ಲವನ್ನೂ ವೆಲ್ಡಿಂಗ್ ಮಾಡಿಸಿಬಿಟ್ಟ.

ಬ್ಯಾಟರಾಯನಪುರದ ಆಚೆ ಹೊಲದಲ್ಲಿ ಪರೀಕ್ಷೆಯೂ ಆಯ್ತು. ನನ್ನ ಒಂದು ಕೈಯನ್ನು ಟವೆಲ್ಲಿನಿಂದ ಮೈಗೆ ಬಿಗಿದು ಒಳಗೆ ಕೂರಿಸಿದ್ದ. ಎಮ್ಮೆ ಹೊಡ್ಕೊಂಡು ಬಂದ ಒಬ್ಬ ಹೊಲದವನು ಇಣುಕಿ ನೋಡಿ, "ಯಾಕಣ್ಣಾ, ಹುಡುಗನ್ನ ಇಂಗೆ ಕಟ್ಟಾಕಿದೀಯಾ?" ಅಂದ. ಮಾವ ವ್ಯಾನಿನ ಅಡಿಯಿಂದಲೇ, "ಹುಡುಗ ಅಲ್ಲ ಕಣಪ್ಪಾ, ನಮ್ಮನೆಯವಳು" ಅಂದ. ಆ ಮನುಷ್ಯ ಎಮ್ಮೆಯ ಹಗ್ಗ ಬಿಗಿಯಾಗಿ ಹಿಡ್ಕೊಂಡು ಬೇಗ ಬೇಗ ಹೊರಟುಹೋದ.

ಗಾಡಿ ಮುಗಿಯಿತು. ಅತ್ತೆಗೆ ಮನಸ್ಸಿರಲಿಲ್ಲ. ಆದರೆ ಸೊರಗಿ ಅರ್ಧವಾಗಿದ್ದ ಗಂಡನ ಮುಖ ನೋಡಲಾರದೆ, ಸುಮ್ಮನೆ ಹಲಗೆಯ ತನಕ ಬರ್ತೀನಿ ಅಂತ ಒಪ್ಪಿದಳು. ಬೀದಿಯೇ ನೆರೆದಿತ್ತು. ಮಾವನ ತೋಳು ಹಿಡಿದು ಹೊಸಿಲು ದಾಟಿದಳು, ಹಲಗೆಯ ಹತ್ತಿರ ಬಂದು ಎಡಗೈ ಚಾಚಿದಳು. ಕೈಗೆ ಸಿಕ್ಕಿದ್ದು ಗಾಳಿ. ಕಂಬಿ ಆ ಕಡೆ, ಸೋತ ಕೈಯ ಪಕ್ಕದಲ್ಲಿ ಹೊಳೆಯುತ್ತಾ ನಿಂತಿತ್ತು.

ಎಲ್ಲರೂ ನನ್ನನ್ನು ನೋಡಿದರು. ಅತ್ತೆ ಮಾಡೋ ಹಾಗೇ ಮಾಡಿದ್ದು ಅಂತ ನಾನು ಅವಳೆದುರು ನಿಂತು ಇನ್ನೊಮ್ಮೆ ಮಾಡಿ ತೋರಿಸಿದೆ. ಅತ್ತೆ ನೋಡಿದಳು.

"ಅದು ಕನ್ನಡಿಯೊಳಗಿನ ನಾನು ಕಣೋ."

ಹೌದಲ್ಲ! ಎದುರಿಗೆ ಕೂತು ಕಲಿತವನಿಗೆ ಅವಳ ಎಡಗೈ ತನ್ನ ಬಲಗೈ ಆಗಿತ್ತು. ಒಂದು ವರ್ಷದ ದುಡಿಮೆಯಲ್ಲಿ ನಾವು ಗಾಡಿ ಕಟ್ಟಿದ್ದು ಕನ್ನಡಿಯಲ್ಲಿರೋ ಹೆಂಗಸಿಗೆ. ಆ ಕನ್ನಡಿಯವಳಿಗೆ ಕಾಲಿನ ಕಷ್ಟವೂ ಇರಲಿಲ್ಲ, ಬಂಡೆ ನೋಡೋ ಆಸೆಯೂ ಇರಲಿಲ್ಲ.

ಮಾವ ಹಲಗೆಯ ಮೇಲೆ ಕುಸಿದು ಕೂತ. ನನ್ನನ್ನು ಬಯ್ಯಲಿಲ್ಲ. ಗುಜರಿಯವನಿಗೆ ಹೇಳಿ ಕಳಿಸು, ಅಂದ. ಸ್ಪ್ಯಾನರನ್ನು ಪಕ್ಕಕ್ಕೆ ಇಟ್ಟುಬಿಟ್ಟ. ಅವನು ಅದನ್ನ ಹಾಗೆ ಕೆಳಗಿಟ್ಟಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಬೀದಿಯಲ್ಲಿ ಎಲ್ಲರನ್ನೂ ಅಣಕಿಸಿದ್ದೀನಿ. ಹಾಗೆ ಕೂತ ಮಾವನನ್ನು ಅಣಕಿಸೋಕೆ ನನಗೆ ಇವತ್ತಿಗೂ ಬರಲ್ಲ.

ಅತ್ತೆ ಸ್ವಲ್ಪ ಹೊತ್ತು ಅವನ ನೆತ್ತಿಯನ್ನೇ ನೋಡಿದಳು. ಆಮೇಲೆ ಅವನನ್ನು ಹಲಗೆಯಿಂದ ಎಬ್ಬಿಸಿ, ನನ್ನ ಹೆಗಲು ಹಿಡಿದು, ವ್ಯಾನಿಗೆ ಬೆನ್ನು ಮಾಡಿ ತಿರುಗಿ ನಿಂತಳು. ಈಗ ಕಂಬಿ ಅವಳ ಎಡಗೈಗೇ ಸಿಕ್ಕಿತು. ಹಿಂದು ಹಿಂದಕ್ಕೆ, ಒಂದೊಂದೇ ಹೆಜ್ಜೆ, ಕಾಲು ಎಳೆದುಕೊಂಡು, ಉಸಿರು ತಗೊಂಡು, ಹಲಗೆ ಹತ್ತಿಬಿಟ್ಟಳು. ಮಂಚದ ಅಂಚಿನಲ್ಲಿ ನಮ್ಮ ಕಡೆ ಮುಖ ಮಾಡಿ ಕೂತಳು. ಅಲ್ಲೂ ಕಂಬಿ ಗಟ್ಟಿ ಕೈಗೇ ಬಂತು.

ಮಾವನಿಗೆ ಆಗಲೂ ಸಮಾಧಾನವಿಲ್ಲ. ಕೆಳಗೆ ನಿಂತು ಅಳೋ ದನಿಯಲ್ಲಿ, "ಹಿಂದಕ್ಕೆ ಮುಖ ಮಾಡ್ಕೊಂಡು ಕೂತ್ರೆ ಎಲ್ಲಿಗೆ ಹೋಗ್ತಿದೀವಿ ಅಂತ ನಿನಗೆ ಗೊತ್ತಾಗಲ್ಲ ಕಣೇ" ಅಂದ.

ಅತ್ತೆ ಸೆರಗು ಸರಿಮಾಡಿಕೊಂಡಳು.

"ಎಲ್ಲಿಗೆ ಅಂತ ಗೊತ್ತಿದ್ದು ನಿಮ್ಮ ಹಿಂದೆ ಕೂತಿದ್ದು ಯಾವತ್ತು ರೀ? ಗಾಡಿ ಬಿಡಿ."