ವಿದೇಶಕ್ಕೆ ಕಳಿಸುವವನ ಪರೀಕ್ಷೆ

ಪರೀಕ್ಷೆಯ ಹೆದರಿಕೆ ವಯಸ್ಸಾದಂತೆ ಇಳಿಯುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಐವತ್ತಾರನೆಯ ವಯಸ್ಸಿನಲ್ಲಿ, ಒಂದೇ ಬೆಳಿಗ್ಗೆ ಮೂರು ಸಲ ಪಾಯಿಖಾನೆಗೆ ಹೋಗಿಬಂದ ಮೇಲೆ ಆ ನಂಬಿಕೆ ಬಿಟ್ಟೆ.

ಯಲ್ಲಾಪುರದಲ್ಲಿ ನನ್ನದು ಮೊದಲು ಟೈಪಿಂಗ್ ಕ್ಲಾಸು. ಟೈಪ್‌ರೈಟರನ್ನು ಕೇಳುವವರೇ ಇಲ್ಲವಾದಾಗ ಝೆರಾಕ್ಸ್ ಇಟ್ಟೆ, ಪಾಸ್‌ಪೋರ್ಟ್ ಅರ್ಜಿ ತುಂಬಿಕೊಟ್ಟೆ. ಹಾಗೆಯೇ ಯಾರದೋ ಮಗಳಿಗಾಗಿ ಹೊರದೇಶದ ಕಾಲೇಜಿಗೊಂದು ಪತ್ರ ಬರೆದುಕೊಟ್ಟದ್ದೇ ನೆಪವಾಗಿ, ‘ವಿದೇಶ ವ್ಯಾಸಂಗ ಸಲಹಾ ಕೇಂದ್ರ’ ಎಂದು ಬೋರ್ಡು ಬರೆಸಿದೆ. ಸಲಹೆ ಕೊಡುವುದಕ್ಕೂ ಓದಿರಬೇಕು ಎಂದು ಆಗ ಯಾರೂ ಹೇಳಿರಲಿಲ್ಲ. ಈಗ ಇದೂ ಒಂದು ವೃತ್ತಿ. ತರಬೇತಿ, ನೀತಿಸಂಹಿತೆ, ಕೊನೆಗೊಂದು ಆನ್‌ಲೈನ್ ಪರೀಕ್ಷೆ. ಪಾಸಾಗದವನು ಕಳಿಸಿದ ಅರ್ಜಿಯನ್ನು ಹೊರದೇಶದ ಕಾಲೇಜಿನವರು ತೆರೆದೂ ನೋಡುವುದಿಲ್ಲವಂತೆ. ಎರಡು ತಿಂಗಳು ನಾನು ಹೆಂಡತಿಗೆ ಪಾಠ ಒಪ್ಪಿಸಿದೆ. ಅವಳಿಗೆ ಎಲ್ಲವೂ ಬಾಯಿಪಾಠವಾಯಿತು, ನನಗೆ ಆಗಲಿಲ್ಲ.

ಪರೀಕ್ಷೆ ಕ್ಯಾಮೆರಾದ ಎದುರು. ಅತ್ತಿತ್ತ ನೋಡಿದರೆ, ಬೇರೆಯವರ ದನಿ ಕೇಳಿದರೆ ಎಚ್ಚರಿಕೆ. ಕ್ಯಾಮೆರಾಕ್ಕೆ ಬೆನ್ನು ಹಾಕಿದರೆ ರದ್ದು. ಬಾಗಿಲಿಗೆ ‘ಒಳಗೆ ಬರಬೇಡಿ’ ಎಂಬ ಚೀಟಿ ಅಂಟಿಸಿದ್ದೆ, ಚಿಲಕ ಹಾಕುವುದನ್ನು ಮರೆತಿದ್ದೆ. ಹನ್ನೊಂದನೆಯ ಪ್ರಶ್ನೆಗೆ ಬೆವರುತ್ತಿರುವಾಗ ನಮ್ಮ ಬೀದಿಯ ಹೊಲಿಗೆ ಅಂಗಡಿಯ ಸಾವಿತ್ರಕ್ಕ ಮಗಳು ಮೇಘನಾಳ ಕೈಹಿಡಿದು ಒಳಗೆ ಬಂದೇಬಿಟ್ಟಳು. ಮೇಘನಾ ನನ್ನ ಮೂಲಕವೇ ಜರ್ಮನಿಗೆ ಹೊರಟಿದ್ದ ಹುಡುಗಿ.

“ಮಾಸ್ತರ್ರೇ, ಕೂಸು ‘ಆನು ಹೋಗ್ತ್ನಿಲ್ಲೆ’ ಹೇಳ್ತಾ ಇದ್ದು. ಬಪ್ಪ ವಾರ ವಿಮಾನ. ಎಂತ ಮಾಡವು ಹೇಳಿ ಗೊತ್ತಾಗ್ತಿಲ್ಲೆ.”

ಪರದೆಯ ಅಂಚು ಕೆಂಪಾಯಿತು. ನಾನು ಕತ್ತು ತಿರುಗಿಸದೆ, ಮೇಜಿನ ಕೆಳಗೆ ಕೈಯಾಡಿಸಿ ಹೊರಗೆ ಹೋಗಿ ಎಂದು ಸನ್ನೆ ಮಾಡಿದೆ. ಕೂರಲು ಹೇಳುತ್ತಿದ್ದೇನೆ ಎಂದುಕೊಂಡು ಇಬ್ಬರೂ ಕೂತರು. ಮೇಘನಾ ಬಿಕ್ಕತೊಡಗಿದಳು. ಆ ಹುಡುಗಿಯ ಅಳು ಬೆನ್ನ ಹಿಂದೆ, ನನ್ನ ಹೊಟ್ಟೆಪಾಡು ಕಣ್ಣೆದುರು. ಒಂದು ನಿಮಿಷ ತಡೆದೆ. ಆಮೇಲೆ ಕುರ್ಚಿ ತಿರುಗಿಸಿಯೇಬಿಟ್ಟೆ. ಪರೀಕ್ಷೆ ರದ್ದಾಯಿತು.

“ಅಲ್ಲಿ ಒಬ್ಳೇ ಒಂದು ಕೋಣೆಲಿ ಇರವಡ. ಅಮ್ಮನ ಬಿಟ್ಟು ಒಂದಿನವೂ ಮಲಗಿದ್ನಿಲ್ಲೆ,” ಎಂದಳು ಮೇಘನಾ.

ಓದಿದ ಪಾಠದಲ್ಲಿ ಇದಕ್ಕೇನು ಹೇಳಿದ್ದರೋ ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ನನ್ನದೇ ಕಥೆ. ಇಪ್ಪತ್ತರ ಹರೆಯದಲ್ಲಿ ಕೆಲಸ ಸಿಕ್ಕಿತೆಂದು ಪುಣೆಗೆ ಹೋದವನು, ಲಾಡ್ಜಿನ ಬಾಗಿಲು ಹಾಕಿಕೊಂಡ ಕೂಡಲೇ ಅಳು ಬಂದು, ಚೀಲವನ್ನೂ ಬಿಚ್ಚದೆ ವಾಪಸ್ ಬಸ್ಸು ಹತ್ತಿದೆ. ಅಲ್ಲಿನ ನೀರು ಒಗ್ಗಲಿಲ್ಲ ಎಂದು ಮನೆಯಲ್ಲಿ ಹೇಳಿದೆ.

“ಒಂದು ಲೋಟವೂ ಕುಡಿಯದೇ ಒಗ್ಗಿದ್ದಿಲ್ಯಾ?” ಎಂದು ಮೇಘನಾ ಕಣ್ಣೊರೆಸಿಕೊಳ್ಳುತ್ತ ನಕ್ಕುಬಿಟ್ಟಳು. “ಆನೂ ವಾಪಸ್ ಬಂದ್ರೆ ನಗಾಡ್ತ್ರಾ?”

“ನಗಾಡ್ಲೆ ಯಂಗೆ ಬಾಯಿಲ್ಲೆ. ಹೆದರಿಕೆ ಆದ್ರೆ ಬಂದ್ಬಿಡು,” ಎಂದೆ.

ಅವಳು ಜರ್ಮನಿಗೆ ಹೋದಳು. ಅವಳ ಮೊದಲ ಫೋನು ಬರುವವರೆಗೂ ಸಾವಿತ್ರಕ್ಕನ ಅಂಗಡಿಯ ಮುಂದೆ ಹಾಯಲು ಧೈರ್ಯ ಸಾಲದೆ ನಾನು ಹಿಂದಿನ ಓಣಿಯಲ್ಲೇ ಓಡಾಡಿದೆ. ಎರಡನೆಯ ಸಲ ಪರೀಕ್ಷೆಗೆ ಕೂತಾಗ ಚಿಲಕ ಹಾಕಿ, ಬಾಗಿಲಿಗೆ ಕುರ್ಚಿಯನ್ನೂ ಒತ್ತಿಟ್ಟೆ. ಹೇಗೋ ಪಾಸಾದೆ.

ಮೊನ್ನೆ ಸಾವಿತ್ರಕ್ಕ ಸಿಕ್ಕಳು. “ಪಕ್ಕದ ಕೋಣೆ ಕೂಸೊಂದು ಅಳ್ತಾ ಇತ್ತಡ. ಮೇಘನಾ ನಿಂಗಳ ಪುಣೆ ಕಥೆ ಹೇಳಿ ನಗಿಸ್ತಡ,” ಎಂದಳು. ನಾನು ಹಿಗ್ಗುತ್ತಿರುವಾಗಲೇ ದನಿ ತಗ್ಗಿಸಿ ಮುಂದುವರಿಸಿದಳು: “ಆದ್ರೆ ನಿಂಗ ಪುಣೆಗೆ ಹೋಗಿದ್ದೇ ಇಲ್ಲೆ ಅಲ್ದಾ? ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಿಂದಲೇ ವಾಪಸ್ ಬಂದಿದ್ರಿ. ಅದೇ ಬಸ್ಸಲ್ಲಿ ನಮ್ಮಣ್ಣನೂ ಇದ್ದಿದ್ದ. ಅವತ್ತೇ ಹೇಳ್ಲಾಗಿತ್ತು, ಆದ್ರೆ ಕೂಸು ನಗ್ತಾ ಇತ್ತು ಹೇಳಿ ಸುಮ್ನಾದಿ.”